ಹೇಮಂತ-ಶಿಶಿರಗಳಲ್ಲಿ ಕೇಶಸಂರಕ್ಷಣೆ : ಒಂದು ವಿವೇಚನೆ

ಋತುಗಳು ಆರಾದರೂ ಮನುಷ್ಯನ ತ್ವಚೆಯನ್ನೂ ಕೇಶವನ್ನೂ ವಿಶೇಷವಾಗಿ ಪರೀಕ್ಷೆಗೆ ಒಡ್ಡುವವು ಹೇಮಂತ ಮತ್ತು ಶಿಶಿರ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿಗೆ ಈ ಎರಡು ಋತುಗಳ ಪರಿಚಯ ಚೆನ್ನಾಗಿಯೇ ಇದೆ. 1884ರ ಜನವರಿ 13ರಂದು ಇಲ್ಲಿನ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿದ್ದುದು ದಾಖಲೆಯಲ್ಲಿದೆ. ಅಂತಹ ಚಳಿ ಈಗ ಅಪರೂಪವಾದರೂ ಮಾರ್ಗಶಿರ ಪುಷ್ಯಮಾಸಗಳ ಬೆಳಗಿನಲ್ಲಿ ಲಾಲ್‌ಬಾಗಿನ ಮರಗಳ ಮೇಲಿನಿಂದ ಇಳಿದ ಮಂಜು ಸಿದ್ದಾಪುರದ ಬೀದಿಗಳಲ್ಲಿ ತಂಗಿರುವುದುಂಟು. ಅದೇ ಹೊತ್ತಿಗೆ ಒದ್ದೆ ಜಡೆಯನ್ನು ಮಡಿಚಿ ಕಟ್ಟಿದ ಬಾಲಿಕೆಯರೂ ಕೆದರಿದ ತಲೆಯ ಬಾಲಕರೂ ಶಾಲೆಗೆ ಹೊರಡುತ್ತಾರೆ. ಮನೆಯಲ್ಲಿ ಕೊಬ್ಬರಿಎಣ್ಣೆ ಶೀಶೆಯೊಳಗೆ ಹೆಪ್ಪುಗಟ್ಟಿ ನಿಂತಿರುತ್ತದೆ. ಸುಮಾರು 24 ಡಿಗ್ರಿಗಿಂತ ಕೆಳಗೆ ಆ ಎಣ್ಣೆ ಗಟ್ಟಿಯಾಗುವುದರಿಂದ, ಪಂಚಾಂಗವನ್ನು ನೋಡದ ಮನೆಯಲ್ಲಿಯೂ ಚಳಿಗಾಲದ ಆಗಮನವನ್ನು ಎಣ್ಣೆಯ ಶೀಶೆಯೇ ಸಾರಿಬಿಡುತ್ತದೆ. ಈ ಕಾಲದಲ್ಲಿ ಕೂದಲನ್ನು ಕಾಪಾಡುವ ಬಗೆ ಯಾವುದು, ಹಿರಿಯರ ಪದ್ಧತಿಯಲ್ಲಿ ಉಳಿಸಿಕೊಳ್ಳತಕ್ಕದ್ದು ಎಷ್ಟು, ತಿದ್ದಿಕೊಳ್ಳತಕ್ಕದ್ದು ಎಷ್ಟು ಎಂಬುದನ್ನು ಇಲ್ಲಿ ಸಂಗ್ರಹವಾಗಿ ವಿವೇಚಿಸಲಾಗಿದೆ.

ನುಡಿಯಲ್ಲಿ ಮುಡಿ

ಕನ್ನಡಿಗರು ಕೂದಲಿಗೆ ಕೊಟ್ಟ ಗೌರವವನ್ನು ಅವರ ಶಬ್ದಸಂಪತ್ತೇ ತೋರಿಸುತ್ತದೆ. ಹಣೆಯ ಮೇಲೆ ಇಳಿದದ್ದು ಮುಂಗುರುಳು, ಹೆಣೆದದ್ದು ಹೆರಳು, ಸುತ್ತಿ ಕಟ್ಟಿದ್ದು ತುರುಬು, ಇಳಿಬಿಟ್ಟದ್ದು ಸೋರ್ಮುಡಿ. ‘ಜಡೆ’ ಎಂಬುದು ಸಂಸ್ಕೃತದ ‘ಜಟಾ’ ಶಬ್ದದ ತದ್ಭವ. ಬಟ್ಟೆಯನ್ನು ಉಡುತ್ತೇವೆ, ಒಡವೆಯನ್ನು ತೊಡುತ್ತೇವೆ, ಹೂವನ್ನಾದರೋ ಮುಡಿಯುತ್ತೇವೆ. ಹೂವಿಗೆಂದೇ ಒಂದು ಕ್ರಿಯಾಪದ ಮೀಸಲಾಗಿರುವುದು ಗಮನಾರ್ಹ. ಎಳ್ಳಿನ ನೆಯ್ ಎಂಬುದೇ ‘ಎಣ್ಣೆ’ಯಾಯಿತು, ಆದುದರಿಂದ ಈ ನಾಡಿನ ಮೊದಲ ಎಣ್ಣೆ ಎಳ್ಳಿನದೇ ಎಂದು ಊಹಿಸಲು ಅವಕಾಶವಿದೆ.

ಕಾವ್ಯದಲ್ಲಿಯೂ ಮುಡಿ ಅಲಂಕಾರಮಾತ್ರವಲ್ಲ. ಪಂಪನ ವಿಕ್ರಮಾರ್ಜುನ ವಿಜಯದಲ್ಲಿ ದ್ರೌಪದಿಯ ಬಿಚ್ಚಿದ ಮುಡಿ ಅವಮಾನದ ಗುರುತು. ಅದನ್ನು ಮತ್ತೆ ಕಟ್ಟುವುದೆಂದರೆ ಮಾನವನ್ನು ಮರಳಿ ಪಡೆಯುವುದು. ರನ್ನನ ಗದಾಯುದ್ಧದಲ್ಲಿಯೂ ಇದೇ ಭಾವ ಪ್ರಧಾನ. ಅಕ್ಕಮಹಾದೇವಿಯನ್ನು ಚಿತ್ರಿಸುವ ಕಲಾವಿದರೆಲ್ಲ ಆಕೆಗೆ ಉಡಿಸುವುದು ಕೇಶರಾಶಿಯನ್ನೇ. ಬೇಲೂರಿನ ಮದನಿಕೆಯರ ಮುಡಿಗಳ ವೈವಿಧ್ಯವನ್ನು ಕಂಡವರಿಗೆ, ಹನ್ನೆರಡನೆಯ ಶತಮಾನದಲ್ಲಿ ಕೇಶವಿನ್ಯಾಸ ಒಂದು ಪೂರ್ಣಕಲೆಯಾಗಿತ್ತೆಂಬುದರಲ್ಲಿ ಸಂದೇಹವುಳಿಯದು.

ಚಳಿ ಮಾಡುವ ಕೆಲಸ

ಕೂದಲು ಕೆರಟಿನ್ ಎಂಬ ಪ್ರೋಟೀನಿನಿಂದ ಆದ ತಂತು. ತಲೆಯ ಮೇಲೆ ಸುಮಾರು ಒಂದು ಲಕ್ಷ ಕೂದಲುಗಳಿರುತ್ತವೆ. ಒಂದೊಂದೂ ತಿಂಗಳಿಗೆ ಸರಿಸುಮಾರು ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ದಿನಕ್ಕೆ 50ರಿಂದ 100 ಕೂದಲುಗಳು ಉದುರುವುದು ಸಹಜಧರ್ಮ. ಬಾಚಣಿಗೆಯಲ್ಲಿ ನಾಲ್ಕು ಎಳೆ ಕಂಡೊಡನೆ ಗಾಬರಿಗೊಳ್ಳಬೇಕಾದುದಿಲ್ಲ. ತಂತುವಿನ ಹೊರಮೈಯಲ್ಲಿ ಹೆಂಚು ಹೊದಿಸಿದಂತೆ ಸೂಕ್ಷ್ಮವಾದ ಪದರಗಳು ಒಂದರ ಮೇಲೊಂದು ಒರಗಿರುತ್ತವೆ. ಅವು ಒತ್ತಾಗಿ ಕುಳಿತಿದ್ದರೆ ಕೂದಲಿಗೆ ಹೊಳಪು. ಎದ್ದು ನಿಂತರೆ ಒರಟುತನ, ಸಿಕ್ಕು, ಸೀಳು.

ಕೂದಲು ಗಾಳಿಯ ತೇವವನ್ನು ಹೀರುತ್ತದೆ, ಒಣಗಾಳಿಗೆ ಬಿಟ್ಟುಕೊಡುತ್ತದೆ. ತೇವದಲ್ಲಿ ಅದು ನೂರಕ್ಕೆ ಸುಮಾರು ಎರಡರಷ್ಟು ಉದ್ದವಾಗುವುದನ್ನು ಗಮನಿಸಿ, ಜಿನೀವದ ವಿಜ್ಞಾನಿ ಸೊಸ್ಯೂರ್ 1783ರಲ್ಲಿ ಮನುಷ್ಯನ ಕೂದಲಿನಿಂದಲೇ ಗಾಳಿಯ ಆರ್ದ್ರತೆಯನ್ನು ಅಳೆಯುವ ಉಪಕರಣವನ್ನು ಪ್ರಕಟಪಡಿಸಿದನು. ತಣ್ಣನೆಯ ಗಾಳಿ ಹಿಡಿದಿಡಬಲ್ಲ ನೀರಾವಿ ಸ್ವಲ್ಪ. ಅದೇ ಗಾಳಿ ಮಧ್ಯಾಹ್ನ ಬಿಸಿಲಿಗೆ ಕಾದಾಗ ಇನ್ನಷ್ಟು ಒಣಗಿದುದಾಗಿ ಕೂದಲಿನ ತೇವವನ್ನು ಸೆಳೆಯುತ್ತದೆ. ಬೆಳಗಿನ ಮಂಜು, ಹಗಲಿನ ಒಣಬಿಸಿಲು, ಬಚ್ಚಲಿನ ಸುಡುನೀರು ಇವು ಮೂರೂ ಸೇರಿ ಬೆಂಗಳೂರಿನ ಚಳಿಗಾಲದ ಕೂದಲನ್ನು ಒರಟಾಗಿಸುತ್ತವೆ.

ಎಣ್ಣೆ ಮತ್ತು ನೀರು

ಇದಕ್ಕೆ ಹಿರಿಯರು ಕಂಡುಕೊಂಡ ಪರಿಹಾರ ಅಭ್ಯಂಜನ. ನರಕಚತುರ್ದಶಿಯ ಎಣ್ಣೆನೀರು ಚಳಿಗಾಲದ ಹೊಸ್ತಿಲಲ್ಲಿಯೇ ಬರುವುದು ಔಚಿತ್ಯಪೂರ್ಣವಾಗಿದೆ. ವಾಗ್ಭಟನ ಅಷ್ಟಾಂಗಹೃದಯವು ಹೇಮಂತದಲ್ಲಿ ಮೈಗೂ ನೆತ್ತಿಗೂ ಎಣ್ಣೆ ತಿಕ್ಕಬೇಕೆಂದು ವಿಧಿಸುತ್ತದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಸ್ನಾನವು ರಾಜಭೋಗಗಳಲ್ಲಿ ಒಂದಾಗಿ ಸ್ಥಾನ ಪಡೆದಿದೆ. ಸುಮಾರು 1025ರ ಚಾವುಂಡರಾಯನ ಲೋಕೋಪಕಾರದಲ್ಲಿ ಸುಗಂಧದ್ರವ್ಯಗಳ ತಯಾರಿಕೆಯ ವಿವರವಿದೆ. ‘ಶಾಂಪೂ’ ಎಂಬ ಶಬ್ದವೂ ಪರದೇಶದ್ದಲ್ಲ. ಒತ್ತು, ತಿಕ್ಕು ಎಂಬರ್ಥದ ಹಿಂದಿಯ ‘ಚಾಂಪೋ’ ಎಂಬುದೇ ಅದರ ಮೂಲ. ಪಾಟ್ನಾದಲ್ಲಿ ಹುಟ್ಟಿದ ದೀನ್ ಮಹಮ್ಮದ್ ಎಂಬಾತ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಸ್ನಾನಗೃಹವನ್ನು ತೆರೆದು ಈ ಮರ್ದನವನ್ನು ಅಲ್ಲಿ ಪ್ರಸಿದ್ಧಗೊಳಿಸಿದನು.

ವಾಗ್ಭಟನ ಇನ್ನೊಂದು ಎಚ್ಚರಿಕೆಯನ್ನು ಮಾತ್ರ ಜನ ಮರೆತಿದ್ದಾರೆ. ಬಿಸಿನೀರು ಕತ್ತಿನಿಂದ ಕೆಳಗಿನ ಮೈಗೆ ಬಲವನ್ನು ಕೊಡುತ್ತದೆ. ಅದೇ ನೀರನ್ನು ತಲೆಗೆ ಸುರಿದರೆ ಕೂದಲಿಗೂ ಕಣ್ಣಿಗೂ ಹಾನಿ ಎಂಬುದು ಆತನ ಮತ. ಸುಡುನೀರು ನೆತ್ತಿಯ ಸಹಜವಾದ ಜಿಡ್ಡನ್ನು ತೊಳೆದು ಬಿಡುತ್ತದೆಯೆಂದು ಇಂದಿನ ಚರ್ಮವೈದ್ಯರೂ ಹೇಳುತ್ತಾರೆ. ಹಂಡೆಯ ನೀರು ಎಷ್ಟೇ ಹಿತವೆನಿಸಿದರೂ ತಲೆಗೆ ಉಗುರುಬೆಚ್ಚಗಿನ ನೀರೇ ತಕ್ಕದ್ದು.

ಎಣ್ಣೆಯ ವಿಷಯದಲ್ಲಿ 2003ರಲ್ಲಿ ಪ್ರಕಟವಾದ ಭಾರತೀಯ ಸಂಶೋಧನೆಯೊಂದು ಉಪಯುಕ್ತವಾಗಿದೆ. ಕೊಬ್ಬರಿಎಣ್ಣೆಯು ಕೂದಲಿನೊಳಕ್ಕೆ ಇಳಿದು, ತೊಳೆಯುವಾಗ ಆಗುವ ಪ್ರೋಟೀನಿನ ನಷ್ಟವನ್ನು ತಗ್ಗಿಸುತ್ತದೆ. ಸೂರ್ಯಕಾಂತಿ ಎಣ್ಣೆಗೂ ಖನಿಜತೈಲಕ್ಕೂ ಆ ಗುಣವಿಲ್ಲವೆಂದು ಅದು ತೋರಿಸಿತು. ತೊಳೆಯುವ ಮೊದಲೇ ಎಣ್ಣೆ ಹಚ್ಚುವ ಅಜ್ಜಿಯರ ಕ್ರಮಕ್ಕೆ ಇದರಿಂದ ಪ್ರಮಾಣ ದೊರೆತಂತಾಯಿತು. ಗಟ್ಟಿಯಾದ ಎಣ್ಣೆಯನ್ನು ಉರಿಯ ಮೇಲಿಡದೆ, ಶೀಶೆಯನ್ನೇ ಬಿಸಿನೀರಿನ ಪಾತ್ರೆಯಲ್ಲಿ ಸ್ವಲ್ಪ ಹೊತ್ತು ನಿಲ್ಲಿಸಿ ಕರಗಿಸುವುದು ಲೇಸು.

ಆದರೆ ತಿದ್ದಿಕೊಳ್ಳಬೇಕಾದ ಒಂದು ನಂಬಿಕೆಯೂ ಇದೆ. ತಲೆಯ ಹೊಟ್ಟಿಗೆ ಒಣತನವೇ ಕಾರಣವೆಂದು ಭಾವಿಸಿ ರಾತ್ರಿಯೆಲ್ಲ ಎಣ್ಣೆ ನಿಲ್ಲಿಸುವವರು ಬಹಳ. ಹೊಟ್ಟಿನ ಮೂಲದಲ್ಲಿ ಮಲಸೀಜಿಯ ಎಂಬ ಶಿಲೀಂಧ್ರದ ಪಾತ್ರವಿದೆ. ನೆತ್ತಿಯ ಜಿಡ್ಡೇ ಅದರ ಆಹಾರ. ಆದಕಾರಣ ಹೊಟ್ಟು ಹೆಚ್ಚಿರುವವರು ಎಣ್ಣೆಯನ್ನು ನೆತ್ತಿಯಲ್ಲಿ ಬಹುಕಾಲ ಉಳಿಸದೆ ತುದಿಗಳಿಗಷ್ಟೇ ಸವರಿಕೊಳ್ಳಬೇಕು. ತುರಿಕೆ, ಕೆಂಪು ಇದ್ದರೆ ವೈದ್ಯರನ್ನು ಕಾಣಬೇಕು. ಒದ್ದೆ ತಲೆಯಿಂದ ನೆಗಡಿ ಬರುತ್ತದೆಂಬ ಮಾತೂ ಪೂರ್ಣ ಸತ್ಯವಲ್ಲ. ನೆಗಡಿಯ ಕಾರಣ ವೈರಾಣು. ಒದ್ದೆ ತಲೆ ಚಳಿಯಲ್ಲಿ ಅಹಿತವೆಂಬುದು ಮಾತ್ರ ನಿಜ.

ಎಣ್ಣೆ ತೆಗೆಯಲು ಸೀಗೆಕಾಯಿ, ಅಂಟುವಾಳಗಳು ನಮ್ಮ ನೆಲದ ಸಾಬೂನುಗಳು. ಇವುಗಳಲ್ಲಿರುವ ಸ್ಯಾಪೋನಿನ್ ಎಂಬ ದ್ರವ್ಯವೇ ನೊರೆಗೆ ಕಾರಣ. ಗಡಸಾದ ಕೊಳವೆಬಾವಿಯ ನೀರಿನಲ್ಲಿ ಸಾಬೂನು ಸುಣ್ಣದೊಡನೆ ಕೂಡಿ ಕೂದಲಿಗೆ ಮೆತ್ತಿಕೊಳ್ಳುತ್ತದೆ. ಸೀಗೆಗೆ ಆ ದೋಷವಿಲ್ಲ. ಮಲೆನಾಡಿನಲ್ಲಿ ದಾಸವಾಳದ ಎಲೆಯ ಲೋಳೆಯೂ ಬಳಕೆಯಲ್ಲಿದೆ. ಸೀಗೆಪುಡಿ ಕಣ್ಣಿಗೆ ಬಿದ್ದರೆ ಉರಿ ಹೆಚ್ಚು. ಎಳೆಯ ಮಕ್ಕಳ ತಲೆಗೆ ಎರೆಯುವಾಗ ಅಂಗೈಯನ್ನು ಹಣೆಗೆ ಅಡ್ಡವಿಡುವ ತಾಯಂದಿರ ಜಾಣ್ಮೆಯನ್ನು ಬಿಡಲಾಗದು.

ಬಾಚುವುದು, ಹೆಣೆಯುವುದು

ನೀರು ಕುಡಿದ ಕೂದಲು ಉಬ್ಬಿ ದುರ್ಬಲವಾಗಿರುತ್ತದೆ. ಅದನ್ನು ಒರಟು ಬಟ್ಟೆಯಿಂದ ಉಜ್ಜದೆ ಮೆತ್ತನೆಯ ಹತ್ತಿಬಟ್ಟೆಯಿಂದ ಒತ್ತಿ ನೀರು ತೆಗೆದು, ಎಳೆಬಿಸಿಲಿನಲ್ಲಿ ಬಿಡಿಸಿ ಆರಿಸಬೇಕು. ಕಾಳಿದಾಸನ ಮೇಘದೂತದಲ್ಲಿ ಉಜ್ಜಯಿನಿಯ ಕಿಟಕಿಗಳಿಂದ ಕೇಶಸಂಸ್ಕಾರದ ಧೂಪ ಹೊರಡುತ್ತದೆ. ಸಾಂಬ್ರಾಣಿಯ ಹೊಗೆಯ ಪರಂಪರೆ ಅಷ್ಟು ಹಳೆಯದು. ಗಾಳಿಯಾಡದ ಕೋಣೆಯಲ್ಲಿ, ಅದರಲ್ಲಿಯೂ ಹಸುಗೂಸಿನ ಬಳಿಯಲ್ಲಿ, ಆ ಹೊಗೆ ಉಸಿರಿಗೆ ಒಳ್ಳೆಯದಲ್ಲ. ವಿದ್ಯುತ್ತಿನ ಬಿಸಿಗಾಳಿಯ ಯಂತ್ರವನ್ನು ಬಳಸುವವರು ದೂರ ಹಿಡಿದು, ಕಡಿಮೆ ಬಿಸಿಯಲ್ಲಿ ಬಳಸಬೇಕು. ಸಿಕ್ಕನ್ನು ಅಗಲ ಹಲ್ಲಿನ ಬಾಚಣಿಗೆಯಿಂದ ತುದಿಯಲ್ಲಿ ಮೊದಲು ಬಿಡಿಸಿ, ಕ್ರಮವಾಗಿ ಬುಡದ ಕಡೆಗೆ ಸಾಗಬೇಕು.

ವಿನ್ಯಾಸದಲ್ಲಿ ಚಳಿಗಾಲಕ್ಕೆ ಸಡಿಲವಾದ ಜಡೆಯೇ ಶ್ರೇಷ್ಠ. ಜಡೆ ಹೆಣೆದಾಗ ಒಳಗಿನ ಎಳೆಗಳು ಗಾಳಿಯಿಂದ ರಕ್ಷಿತವಾಗುತ್ತವೆ, ಸಿಕ್ಕೂ ಕಡಿಮೆ. ಆದರೆ ಒದ್ದೆಯಿರುವಾಗಲೇ ಬಿಗಿದು, ರಿಬ್ಬನ್ನಿನಿಂದ ಮಡಿಚಿ ಕಟ್ಟಿದರೆ ಬುಡ ಆರದೆ ವಾಸನೆ ಹಿಡಿಯುತ್ತದೆ. ವರ್ಷಗಳ ಕಾಲ ಹಣೆಯಂಚನ್ನು ಎಳೆದು ಬಿಗಿದರೆ ಅಲ್ಲಿಯ ಕೂದಲು ಶಾಶ್ವತವಾಗಿ ಹೋಗುವುದೂ ಉಂಟು. ತಲೆಸ್ನಾನವನ್ನು ರಜೆಯ ದಿನಕ್ಕೆ ಇಟ್ಟುಕೊಳ್ಳುವುದು ಶಾಲೆಯ ಮಕ್ಕಳಿಗೆ ಅನುಕೂಲ. ಹೂವಿಗೂ ಋತುಧರ್ಮವಿದೆ. ಮಲ್ಲಿಗೆಯ ಸುಗ್ಗಿ ಬೇಸಗೆಯಾದುದರಿಂದ ಮೊಗ್ಗಿನ ಜಡೆ ವಸಂತಕ್ಕೆ ಶೋಭೆ. ಚಳಿಗಾಲದ ಮುಡಿಗೆ ಸೇವಂತಿಗೆ, ಕನಕಾಂಬರ, ಸ್ಫಟಿಕಗಳೇ ಒಪ್ಪುತ್ತವೆ.

ವಸತಿನಿಲಯಗಳಲ್ಲಿ ಒಂದೇ ಬಾಚಣಿಗೆಯನ್ನು ಹಲವರು ಬಳಸುವ ರೂಢಿ ನಿಲ್ಲಬೇಕು. ಚಳಿಗೆ ಒತ್ತೊತ್ತಾಗಿ ಮಲಗುವ ಮಕ್ಕಳಲ್ಲಿ ಹೇನು ತಲೆಯಿಂದ ತಲೆಗೆ ಸುಲಭವಾಗಿ ದಾಟುತ್ತದೆ. ಹೇನು ಹತ್ತಿದ್ದು ಕೊಳಕಿನ ಗುರುತಲ್ಲ. ಶುಚಿಯಾದ ತಲೆಗೂ ಅದು ಹತ್ತುತ್ತದೆ.

ಬೇರಿಗೆ ನೀರು

ಎಲೆಗೆ ಎಣ್ಣೆ ಸವರಿದರೆ ಮರ ಬೆಳೆಯದು, ಬೇರಿಗೆ ನೀರೆರೆಯಬೇಕು. ಕೂದಲಿನ ಬೇರು ಇರುವುದು ಅನ್ನದಲ್ಲಿ. ಪ್ರಕೃತಿ ಚಳಿಗಾಲದಲ್ಲಿಯೇ ಸೊಗಡಿನ ಅವರೆಕಾಯಿಯನ್ನು ಬೆಂಗಳೂರಿನ ಬೀದಿಗಳಿಗೆ ತಂದು ಸುರಿಯುತ್ತದೆ. ಸಂಕ್ರಾಂತಿ ಎಳ್ಳು, ಕಡಲೆಕಾಯಿ, ಕೊಬ್ಬರಿಗಳನ್ನು ಕೈಗೆ ಕೊಡುತ್ತದೆ. ರಾಗಿ, ಸೊಪ್ಪು, ಬೇಳೆಗಳೊಡನೆ ಇವು ಸೇರಿದರೆ ಕೂದಲಿಗೆ ಬೇಕಾದ ಪ್ರೋಟೀನು, ಕಬ್ಬಿಣಗಳು ದೊರೆಯುತ್ತವೆ. ಇವುಗಳ ಕೊರತೆಯಾದಾಗ ಕೂದಲು ವಿರಳವಾಗುತ್ತದೆ; ತೀವ್ರವಾದ ಅಪೌಷ್ಟಿಕತೆಯಲ್ಲಿ ಬಣ್ಣಗೆಟ್ಟು ಕೆಂಚಾಗುತ್ತದೆ.

ತಲೆಯ ಮಾನ

ಕೂದಲಿದ್ದಾಕೆ ಹೇಗೆ ತುರುಬು ಕಟ್ಟಿದರೂ ಚೆಂದವೆಂದು ಗಾದೆ. ಆದರೆ ಕೂದಲನ್ನು ಕಿತ್ತುಕೊಂಡು ಮಾನ ಕಳೆದ ಚರಿತ್ರೆಯೂ ಈ ನಾಡಿಗಿದೆ. ಕೆಲವು ಸಮಾಜಗಳಲ್ಲಿ ವಿಧವೆಯರ ಕೇಶಮುಂಡನ ಬಹುಕಾಲ ನಡೆಯಿತು, ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಕಾದಂಬರಿ ಅದರ ಕರುಣಕಥೆ. ಪ್ರೇಮಾ ಕಾರಂತರು ಅದನ್ನು 1983ರಲ್ಲಿ ಚಲನಚಿತ್ರವಾಗಿಸಿದರು. ಬೋಳಾದ ತಲೆಗೆ ಸೆರಗೆಳೆದುಕೊಂಡು ಮಾಘದ ಚಳಿಯಲ್ಲಿ ತಣ್ಣೀರು ಮೀಯುತ್ತಿದ್ದ ಆ ಜೀವಗಳನ್ನು ನೆನೆದರೆ, ತನ್ನ ತಲೆಯ ಮೇಲೆ ತನಗೆ ಇರುವ ಅಧಿಕಾರ ಎಷ್ಟು ದೊಡ್ಡದೆಂಬುದು ತಿಳಿಯುತ್ತದೆ.

ಈ ಮಾತು ಶಾಲೆಗೂ ಸಲ್ಲುತ್ತದೆ. ಬೆಳಗಿನ ಪ್ರಾರ್ಥನೆಯ ಸಾಲಿನಲ್ಲಿ ಕೆದರಿದ ತಲೆಯ ಮಗುವನ್ನು ಹೊರಕ್ಕೆ ನಿಲ್ಲಿಸಿ ಗದರುವುದು ಸುಲಭ. ಆ ಮನೆಯಲ್ಲಿ ಎಣ್ಣೆ ಮುಗಿದಿರಬಹುದು. ನೀರು ಕಾಯಿಸಲು ಸೌದೆ ಇಲ್ಲದಿರಬಹುದು. ಬಾಚಿ ಹೆಣೆಯುವ ತಾಯಿ ಕತ್ತಲಿರುವಾಗಲೇ ಕೂಲಿಗೆ ಹೊರಟಿರಬಹುದು. ಬಣ್ಣಗೆಟ್ಟ ಕೂದಲು ಹಸಿವಿನ ಬರಹವೂ ಆಗಿರಬಹುದು. ಓದಬಲ್ಲ ಗುರುವಿಗೆ ಅದು ಕಾಣುತ್ತದೆ. ಕರ್ನಾಟಕದಲ್ಲಿ 2002ರಲ್ಲಿ ಆರಂಭವಾದ ಶಾಲಾ ಬಿಸಿಯೂಟಕ್ಕೆ ‘ಅಕ್ಷರ ದಾಸೋಹ’ವೆಂಬ ಹೆಸರು ಬಂದುದು ಸಾರ್ಥಕವೇ ಸರಿ. ವಸತಿನಿಲಯಕ್ಕೆ ಎಣ್ಣೆಯ ಡಬ್ಬಿಯೊಂದನ್ನು, ಮಗುವಿಗೊಂದು ಬಾಚಣಿಗೆಯನ್ನು, ವಾರಕ್ಕೊಂದು ಹಂಡೆ ಬೆಚ್ಚನೆಯ ನೀರನ್ನು ಒದಗಿಸುವುದು ಸಣ್ಣ ದಾನವೆನಿಸಬಹುದು. ಚಳಿಯ ಮುಂಜಾವಿನಲ್ಲಿ ಎಳೆಯ ತಲೆಯೊಂದರ ಮೇಲೆ ಕೈಯಿಟ್ಟು ಎಣ್ಣೆ ತಿಕ್ಕಿದವರಿಗೆ ಅದು ಸಣ್ಣದೆಂದು ಎಂದೂ ತೋರದು.