ಗಾಡಿಯ ಮೇಲೊಂದು ಗಾಡಿ

ಎರಡು ಚಕ್ರಗಳ ವಾಹನವು ಓಡುತ್ತಿರುವವರೆಗೆ ನೆಟ್ಟಗಿರುತ್ತದೆ. ನಿಂತೊಡನೆ ಆಸರೆಯನ್ನು ಬೇಡುತ್ತದೆ. ಮೋಟಾರ್ ಸೈಕಲ್ಲಿನ ಈ ಸ್ವಭಾವವನ್ನು ಅರಿಯದವರಿಲ್ಲ. ಆದರೂ ಅದನ್ನು ಮತ್ತೊಂದು ವಾಹನದ ಮೇಲೇರಿಸಿ ಸಾಗಿಸುವಾಗ ಅನೇಕರು ಈ ಸಂಗತಿಯನ್ನೇ ಮರೆಯುತ್ತಾರೆ.

ಕೆಟ್ಟುನಿಂತ ಗಾಡಿ, ಬೇರೆ ಊರಿಗೆ ವರ್ಗವಾದವರ ಗಾಡಿ, ಮುಪ್ಪಾದ ಗಾಡಿ ಇವೆಲ್ಲ ಪಿಕಪ್ ವಾಹನದ ಬೆನ್ನೇರಿ ಹೋಗುವುದು ಇಂದಿನ ರಸ್ತೆಗಳಲ್ಲಿ ಸಾಮಾನ್ಯ ನೋಟ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿತು. ಅಲ್ಲಿ ತಯಾರಾದ ಜಾವಾ ಮತ್ತು ಯೆಜ್ಡಿ ಗಾಡಿಗಳನ್ನು ಅಭಿಮಾನದಿಂದ ಉಳಿಸಿಕೊಂಡವರು ದುರಸ್ತಿಗಾಗಿ ಅವನ್ನು ಹೀಗೆಯೇ ದೂರದ ಊರುಗಳಿಗೆ ಒಯ್ಯುತ್ತಾರೆ. ಈ ಕೆಲಸಕ್ಕೆ ತೋಳ್ಬಲಕ್ಕಿಂತ ತಿಳಿವಳಿಕೆ ಹೆಚ್ಚು ಬೇಕು.

ಮೊದಲನೆಯ ಕೆಲಸ ಏರಿಸುವುದು. ಮೋಟಾರ್ ಸೈಕಲ್ಲಿನ ತೂಕ 150 ಕಿಲೋಗ್ರಾಂ ಎಂದೂ ಪಿಕಪ್ಪಿನ ತೊಟ್ಟಿಯ ತಳ ನೆಲದಿಂದ 80 ಸೆಂಟಿಮೀಟರ್ ಎತ್ತರದಲ್ಲಿದೆಯೆಂದೂ ಭಾವಿಸಿದರೆ, 1.6 ಮೀಟರ್ ಉದ್ದದ ಹಲಗೆಯ ಮೇಲೆ ಅದನ್ನು ತಳ್ಳಲು ತೂಕದ ಅರ್ಧದಷ್ಟು, ಅಂದರೆ 75 ಕಿಲೋಗ್ರಾಂ ಭಾರಕ್ಕೆ ಸಮನಾದ ಬಲ ಬೇಕು. ಹಲಗೆಯ ಉದ್ದ 2.4 ಮೀಟರ್ ಆದರೆ ಮೂರನೆಯ ಒಂದು ಭಾಗ, ಅಂದರೆ 50 ಕಿಲೋಗ್ರಾಂ ಭಾರಕ್ಕೆ ಸಮನಾದ ಬಲ ಸಾಕು. ಘರ್ಷಣೆಯನ್ನು ಇಲ್ಲಿ ಲೆಕ್ಕಕ್ಕೆ ಹಿಡಿದಿಲ್ಲ. ಹಳ್ಳಿಗರು ದನಗಳನ್ನು ಲಾರಿಗೆ ಹತ್ತಿಸುವಾಗ ವಾಹನದ ಹಿಂಭಾಗವನ್ನು ಮಣ್ಣಿನ ದಿಬ್ಬಕ್ಕೆ ಒತ್ತಿ ನಿಲ್ಲಿಸುತ್ತಾರೆ. ಎತ್ತರ ಕಡಿಮೆಯಾದರೆ ಶ್ರಮವೂ ಅಪಾಯವೂ ಕಡಿಮೆಯಾಗುತ್ತವೆ ಎಂಬ ತತ್ತ್ವವೇ ಅಲ್ಲಿಯೂ ಇದೆ.

ಹಲಗೆಯನ್ನು ತೊಟ್ಟಿಗೆ ಕಟ್ಟದೆ ಬರಿದೆ ಆನಿಸಿಟ್ಟರೆ, ಚಕ್ರದ ಒತ್ತಡಕ್ಕೆ ಅದು ಹಿಂದಕ್ಕೆ ಜಾರಿ ಬೀಳುತ್ತದೆ. ಆದುದರಿಂದ ಅದನ್ನು ಭದ್ರವಾಗಿ ಬಿಗಿಯಬೇಕು. ಪಿಕಪ್ಪಿನ ಕೈಬ್ರೇಕನ್ನು ಹಾಕಿ ಚಕ್ರಗಳಿಗೆ ಕಲ್ಲು ಕೊಡಬೇಕು. ಮೋಟಾರ್ ಸೈಕಲ್ಲಿನ ಮೇಲೆ ಕುಳಿತು ಅದನ್ನು ಹಲಗೆಯ ಮೇಲೆ ಓಡಿಸುವುದು ದುಸ್ಸಾಹಸ. ಒಬ್ಬನು ಪಕ್ಕದಲ್ಲಿ ನಡೆಯುತ್ತ ಹ್ಯಾಂಡಲ್ಲನ್ನೂ ಬ್ರೇಕನ್ನೂ ಹಿಡಿದಿರಬೇಕು. ಇನ್ನೊಬ್ಬನು ಹಿಂದಿನಿಂದ ತಳ್ಳುತ್ತ, ಗಾಡಿ ಜಾರಿದರೆ ಸರಿದುಕೊಳ್ಳಲು ಅನುವಾಗುವಂತೆ ಒಂದು ಬದಿಗೆ ನಿಂತಿರಬೇಕು.

ಎರಡನೆಯ ಕೆಲಸ ಕಟ್ಟುವುದು. ಇದರ ಮರ್ಮವನ್ನು ತಿಳಿಯಲು ನ್ಯೂಟನ್ 1687ರಲ್ಲಿ ಪ್ರಕಟಿಸಿದ ಚಲನೆಯ ನಿಯಮಗಳನ್ನು ನೆನೆಯಬೇಕು. ಚಲಿಸುವ ವಸ್ತುವು ಬಾಹ್ಯಬಲ ತಡೆಯದ ಹೊರತು ಅದೇ ದಿಕ್ಕಿನಲ್ಲಿ ಅದೇ ವೇಗದಿಂದ ಮುಂದುವರಿಯುತ್ತದೆ. ತೊಟ್ಟಿಯಲ್ಲಿ ನಿಂತ ಮೋಟಾರ್ ಸೈಕಲ್ಲು ನೋಡುವವರಿಗೆ ನಿಶ್ಚಲವಾಗಿ ತೋರಿದರೂ, ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಪಿಕಪ್ಪು ಓಡುತ್ತಿದ್ದರೆ ಅದೂ ಅದೇ ವೇಗದಲ್ಲಿ ಓಡುತ್ತಿರುತ್ತದೆ. ಚಾಲಕನು ತಟ್ಟನೆ ಬ್ರೇಕು ಹಾಕಿದಾಗ ನಿಲ್ಲುವುದು ಪಿಕಪ್ಪು ಮಾತ್ರ. ಕಟ್ಟದ ಹೊರೆ ಮುಂದಕ್ಕೆ ನುಗ್ಗುತ್ತದೆ. ಅಮೆರಿಕದ ಸರಕು ಸಾಗಣೆಯ ನಿಯಮಗಳು ಕಟ್ಟು ಎಷ್ಟು ಬಲವನ್ನು ತಡೆಯಬೇಕೆಂದು ನಿಗದಿ ಮಾಡಿವೆ: ಮುಂದಕ್ಕೆ ಹೊರೆಯ ತೂಕದ ಹತ್ತರಲ್ಲಿ ಎಂಟು ಭಾಗ, ಹಿಂದಕ್ಕೂ ಪಕ್ಕಗಳಿಗೂ ಅರ್ಧ ಭಾಗ. ಈ ಲೆಕ್ಕದಂತೆ ಮೇಲಿನ ಗಾಡಿಯನ್ನು ಮುಂದಕ್ಕೆ 120 ಕಿಲೋಗ್ರಾಂ, ಪಕ್ಕಕ್ಕೆ 75 ಕಿಲೋಗ್ರಾಂ ಭಾರಕ್ಕೆ ಸಮನಾದ ಬಲದ ಎದುರು ಹಿಡಿದು ನಿಲ್ಲಿಸಬೇಕು.

ಆದುದರಿಂದ ಮುಂಚಕ್ರವನ್ನು ತೊಟ್ಟಿಯ ಮುಂಗೋಡೆಗೆ ನೇರವಾಗಿ ಒತ್ತಿ ನಿಲ್ಲಿಸುತ್ತಾರೆ. ಮುನ್ನುಗ್ಗುವ ಬಲವನ್ನು ಗೋಡೆಯೇ ತಡೆಯುತ್ತದೆ. ಬಳಿಕ ಮುಂಭಾಗದ ಎರಡು ಪಟ್ಟಿಗಳನ್ನು ಹ್ಯಾಂಡಲ್ಲಿನ ತುದಿಗಳಿಗೆ ಕಟ್ಟದೆ, ಅದರ ಕೆಳಗಿನ ಗಟ್ಟಿಯಾದ ಭಾಗಕ್ಕೆ ತೊಡಿಸಿ, ಎಡಬಲದ ಮೂಲೆಗಳ ಕೊಂಡಿಗಳಿಗೆ ಮುಂದಕ್ಕೂ ಕೆಳಕ್ಕೂ ಎಳೆದು ಬಿಗಿಯುತ್ತಾರೆ. ಪಟ್ಟಿಗಳು ಸುಮಾರು 45 ಅಂಶ ಓರೆಯಾಗಿ ಹರಡಿರಬೇಕು. ನೇರವಾಗಿ ಕೆಳಗಿಳಿದ ಪಟ್ಟಿ ಪಕ್ಕಕ್ಕೆ ವಾಲುವುದನ್ನು ತಡೆಯಲಾರದು. ಮುಂಭಾಗದ ಸ್ಪ್ರಿಂಗುಗಳು ಅರ್ಧದಷ್ಟು ಕುಗ್ಗುವವರೆಗೆ ಬಿಗಿದರೆ ಸಾಕು. ಬಿಗಿತ ಸಾಲದಿದ್ದರೆ ಗುಂಡಿಯಲ್ಲಿ ಗಾಡಿ ಕುಸಿದಾಗ ಪಟ್ಟಿ ಸಡಿಲಗೊಂಡು ಕೊಕ್ಕೆ ಕಳಚಿಕೊಳ್ಳಬಹುದು. ಬಿಗಿತ ಅತಿಯಾದರೆ ಸ್ಪ್ರಿಂಗಿನ ಭಾಗಗಳಿಗೆ ಹಾನಿ. ಹಿಂಭಾಗದ ಎರಡು ಪಟ್ಟಿಗಳು ಹಿಂಚಕ್ರವು ಅತ್ತಿತ್ತ ಹಾರದಂತೆ ಕಾಯುತ್ತವೆ. ಪಕ್ಕದ ಸ್ಟ್ಯಾಂಡನ್ನು ಮಡಿಸಿಡಬೇಕು. ಅದರ ಮೇಲೆ ಭಾರ ಬಿದ್ದರೆ ಬಾಗುತ್ತದೆ, ಕಟ್ಟು ಸಡಿಲವಾಗುತ್ತದೆ. ಹಳೆಯ ಗಾಡಿಗಳಲ್ಲಿ ಪೆಟ್ರೋಲಿನ ನಲ್ಲಿಯನ್ನು ಮುಚ್ಚಲು ಮರೆಯಬಾರದು.

ಕಟ್ಟಲು ತೆಂಗಿನ ನಾರಿನ ಹಗ್ಗ ಸಲ್ಲದು. ಗಂಟು ಜಾರುತ್ತದೆ, ಉಜ್ಜಿದಲ್ಲಿ ಎಳೆ ಹರಿಯುತ್ತದೆ. ನೈಲಾನ್ ಹಗ್ಗ ಗಟ್ಟಿಯಾದರೂ ಹಿಗ್ಗುತ್ತದೆ. ಹಲ್ಲುಚಕ್ರದಿಂದ ಬಿಗಿಯುವ ಪಾಲಿಯೆಸ್ಟರ್ ಪಟ್ಟಿಯೇ ಯೋಗ್ಯ. ಅದು ಹರಿತವಾದ ಅಂಚಿಗೂ ಬಿಸಿಯಾದ ಸೈಲೆನ್ಸರಿಗೂ ತಾಗಬಾರದು.

ಹೊರಟ ಮೇಲೂ ಹೊಣೆ ಮುಗಿಯದು. ಕೆಲವು ಕಿಲೋಮೀಟರ್ ಸಾಗಿದ ಬಳಿಕ ನಿಲ್ಲಿಸಿ ಪ್ರತಿಯೊಂದು ಪಟ್ಟಿಯನ್ನೂ ಮುಟ್ಟಿ ನೋಡಬೇಕು. ಚಾರ್ಮಾಡಿಯಂತಹ ಘಟ್ಟದ ತಿರುವುಗಳಲ್ಲಿ ಹೊರೆಯು ನೇರವಾಗಿ ಸಾಗಲು ಹವಣಿಸುವುದರಿಂದ ಹೊರಬದಿಗೆ ವಾಲುತ್ತದೆ. ಅಲ್ಲಿ ವೇಗವನ್ನು ತಗ್ಗಿಸಲೇಬೇಕು. ಇಳಿಸುವಾಗ ಹಿಂದಿನ ಪಟ್ಟಿಗಳನ್ನು ಮೊದಲು, ಮುಂದಿನವನ್ನು ಕೊನೆಗೆ ಬಿಚ್ಚಬೇಕು. ಅಷ್ಟರಲ್ಲಿ ಒಬ್ಬನು ಗಾಡಿಯನ್ನು ಹಿಡಿದಿರಬೇಕು.

ಪಟ್ಟಿ ಕಳಚಿ ಮೋಟಾರ್ ಸೈಕಲ್ಲು ರಸ್ತೆಗುರುಳಿದರೆ ಒಡೆಯನಿಗಾಗುವುದು ಹಣದ ನಷ್ಟ. ಆದರೆ ಅದರ ಹಿಂದೆ ಬರುತ್ತಿರುವ ಅಪರಿಚಿತನು ಪ್ರಾಣವನ್ನೇ ತೆರಬೇಕಾದೀತು. ಅವನು ಆ ಕಟ್ಟನ್ನು ಕಂಡವನಲ್ಲ, ಕಟ್ಟಿದವನನ್ನೂ ಅರಿಯನು. ಆದರೂ ಅವರ ಮೇಲೆ ನಂಬಿಕೆಯಿಟ್ಟೇ ದಾರಿ ನಡೆಯುತ್ತಾನೆ. ಆ ನಂಬಿಕೆಗೆ ತಕ್ಕಂತೆ ಕಟ್ಟುವುದು ಹೊರೆ ಸಾಗಿಸುವ ಪ್ರತಿಯೊಬ್ಬನ ಕರ್ತವ್ಯ.