ಬೇಲಿಯೇ ಬಾಗಿಲನ್ನು ಮುಚ್ಚಿದಾಗ: ಗಣಕಯಂತ್ರದ ಆರಂಭದೋಷವೂ ಅದರ ಪರಿಹಾರಕ್ರಮವೂ

ಕನ್ನಡ ಪಂಡಿತನಾದವನು ವ್ಯಾಕರಣ, ಛಂದಸ್ಸು, ಅಲಂಕಾರಗಳನ್ನು ಬದಿಗಿರಿಸಿ ಗಣಕಯಂತ್ರದ ವಿಷಯವಾಗಿ ಲೇಖನಿಯನ್ನೆತ್ತುವುದು ವಾಚಕರಿಗೆ ಅಚ್ಚರಿಯನ್ನುಂಟುಮಾಡಬಹುದು. ನಾನು ಈ ಶಾಸ್ತ್ರದಲ್ಲಿ ಅಧಿಕಾರಿಯೆಂದು ಹೇಳಿಕೊಳ್ಳುವವನಲ್ಲ. ಆದರೆ ಕಳೆದ ಆಷಾಢದಲ್ಲಿ ಸಿರಿಮನೆಯಲ್ಲಿ ನಡೆದ ಒಂದು ಪ್ರಸಂಗವು ನನ್ನನ್ನು ಬಲವಂತವಾಗಿ ವಿದ್ಯಾರ್ಥಿಯನ್ನಾಗಿ ಮಾಡಿತು. ಅಂದು ಕಲಿತ ಪಾಠವು ಉಪಾಧ್ಯಾಯ ಮಿತ್ರರಿಗೂ, ನಮ್ಮ ಶಾಲೆಗಳಿಗೆ ಯಂತ್ರಗಳನ್ನು ಉದಾರವಾಗಿ ಕೊಡುತ್ತಿರುವ ದಾನಿಗಳಿಗೂ, ಹಳೆಯ ವಿದ್ಯಾರ್ಥಿಗಳಿಗೂ ಉಪಯುಕ್ತವಾದೀತೆಂಬ ನಂಬಿಕೆಯಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ಎರಡು ಶಬ್ದಗಳ ವಿಚಾರ. ‘ಫೈರ್‌ವಾಲ್’ ಎಂಬುದು ಮೂಲತಃ ವಾಸ್ತುಶಿಲ್ಪದ ಮಾತು. ಒಂದು ಕಟ್ಟಡದಲ್ಲಿ ಹೊತ್ತಿದ ಬೆಂಕಿ ಪಕ್ಕದ ಕಟ್ಟಡಕ್ಕೆ ಹಬ್ಬದಂತೆ ನಡುವೆ ಎಬ್ಬಿಸುವ ಗೋಡೆಗೆ ಆ ಹೆಸರು. ಬೇಸಗೆಯಲ್ಲಿ ಕಾಡ್ಗಿಚ್ಚು ಮುಂದುವರಿಯದಿರಲೆಂದು ತರಗೆಲೆಯನ್ನು ಗುಡಿಸಿ ಬೆಂಕಿರೇಖೆಯನ್ನು ತೆಗೆಯುವ ಮಲೆನಾಡಿಗರಿಗೆ ಇದರ ತಾತ್ಪರ್ಯವನ್ನು ವಿವರಿಸಬೇಕಾಗಿಲ್ಲ. ಗಣಕಯಂತ್ರದಲ್ಲಿ ಇದು ಜಾಲದಿಂದ ಒಳಬರುವ, ಒಳಗಿನಿಂದ ಹೊರಹೋಗುವ ಸಂದೇಶಗಳನ್ನು ತಡೆದು ಪರೀಕ್ಷಿಸುವ ಕಾವಲು ತಂತ್ರಾಂಶ. ಇನ್ನು ‘ಬೂಟ್’ ಎಂಬುದು ‘ಬೂಟ್‌ಸ್ಟ್ರ್ಯಾಪ್’ ಎಂಬುದರ ಸಂಕ್ಷೇಪ. ಪಾದರಕ್ಷೆಯ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನು ತಾನೇ ಮೇಲೆತ್ತಿಕೊಳ್ಳುವುದೆಂಬ ವಿನೋದದ ಕಲ್ಪನೆಯಿಂದ ಹುಟ್ಟಿದ ಮಾತು. ನಿದ್ರಿಸುತ್ತಿರುವ ಯಂತ್ರವು ತನ್ನನ್ನು ತಾನೇ ಎಬ್ಬಿಸಿಕೊಳ್ಳುವ ಕ್ರಿಯೆಗೆ ಇದಕ್ಕಿಂತ ಸಮರ್ಪಕವಾದ ಹೆಸರು ದೊರಕದು.

ಈಗ ಪ್ರಸಂಗಕ್ಕೆ ಬರೋಣ. ಹಳೆಯ ವಿದ್ಯಾರ್ಥಿಯೊಬ್ಬರು ಕೊಟ್ಟಿದ್ದ ಗಣಕಯಂತ್ರವೊಂದು ಕಚೇರಿಯಲ್ಲಿತ್ತು. ದಾಖಲಾತಿ ಪುಸ್ತಕಗಳ ಜೀರ್ಣವಾದ ಹಾಳೆಗಳನ್ನು ನೋಡಿ ನೋಡಿ ಬೆರಳಚ್ಚು ಮಾಡಿದ ವಿವರಗಳೆಲ್ಲ ಅದರಲ್ಲಿದ್ದವು. ಅದರ ಜೊತೆಗೆ, ಸಿರಿಮನೆ, ಕಿಗ್ಗ, ಶೃಂಗೇರಿ, ಕೊಪ್ಪ, ನರಸಿಂಹರಾಜಪುರಗಳ ಕಡೆಯ ವೃದ್ಧರ ಬಾಯಿಂದ ಹನ್ನೊಂದು ವರ್ಷಗಳ ಕಾಲ ನಾನು ಸಂಗ್ರಹಿಸಿ ‘ನುಡಿ’ ತಂತ್ರಾಂಶದಲ್ಲಿ ಬರೆದಿಟ್ಟ ಶಬ್ದಕೋಶವೂ ಇತ್ತು. ಗೊರಬು, ಕಂಬಳಿಕೊಪ್ಪೆ, ಉಣಗೋಲು, ಸೊಪ್ಪಿನಬೆಟ್ಟ ಮೊದಲಾದ ಮಾತುಗಳಿಗೆ ಅರ್ಥವನ್ನೂ ಪ್ರಯೋಗವನ್ನೂ ಹೇಳಿಕೊಟ್ಟವರಲ್ಲಿ ಅನೇಕರು ಈಗ ನಮ್ಮೊಡನಿಲ್ಲ. ಆ ಬರಹಕ್ಕೆ ಎರಡನೆಯ ಪ್ರತಿ ಇರಲಿಲ್ಲವೆಂಬುದನ್ನು ನಾಚಿಕೆಯಿಂದಲೇ ಒಪ್ಪಿಕೊಳ್ಳಬೇಕಾಗಿದೆ.

ಒಂದು ಸಂಜೆ ಕಚೇರಿಯವರು ಹೆಚ್ಚಿನ ರಕ್ಷಣೆಗೆಂದು ಹೊಸ ಫೈರ್‌ವಾಲ್ ಒಂದನ್ನು ಅದರಲ್ಲಿ ಸ್ಥಾಪಿಸಿದರು. ಮರುದಿನ ಬೆಳಿಗ್ಗೆ ಗುಂಡಿಯೊತ್ತಿದರೆ ತಯಾರಕರ ಮುದ್ರೆ ಕಾಣಿಸಿತು. ಒಡನೆಯೇ ನೀಲಿಯ ಪರದೆ ಬಂದಿತು. ಯಂತ್ರವು ತಾನಾಗಿ ಆರಿ ಮತ್ತೆ ಹೊತ್ತಿಕೊಂಡು ಅದೇ ನೀಲಿಯಲ್ಲಿ ನಿಂತಿತು. ಅಂದೇ ವ್ಯಾಸಂಗ ಪ್ರಮಾಣಪತ್ರಕ್ಕಾಗಿ ದೂರದಿಂದ ಬಂದಿದ್ದ ಹಳೆಯ ವಿದ್ಯಾರ್ಥಿಯೊಬ್ಬರು ಮಳೆಯಲ್ಲಿ ನೆನೆದು ಜಗಲಿಯ ಮೇಲೆ ಕುಳಿತಿದ್ದರು.

ರಾತ್ರಿಯ ಸಿಡಿಲೇ ಕಾರಣವೆಂದು ಒಬ್ಬರೆಂದರು. ಡಿಸ್ಕು ಕೆಟ್ಟಿತೆಂದು ಇನ್ನೊಬ್ಬರೆಂದರು. ಪೇಟೆಯಿಂದ ಬಂದ ರಿಪೇರಿಯವನು ಚೀಲವನ್ನು ಬಿಚ್ಚುತ್ತಲೇ, “ಫಾರ್ಮ್ಯಾಟ್ ಮಾಡಿಬಿಡೋಣ ಸಾರ್, ಒಂದು ಗಂಟೆಯ ಕೆಲಸ” ಎಂದನು. ಫಾರ್ಮ್ಯಾಟ್ ಎಂದರೇನೆಂದು ನಮ್ಮ ತರುಣ ವಿಜ್ಞಾನ ಶಿಕ್ಷಕರನ್ನು ಕೇಳಿದೆ. “ಸ್ಲೇಟು ಒರೆಸಿದಂತೆ ಗುರುಗಳೇ, ಒಳಗಿರುವುದೆಲ್ಲ ಹೋಗುತ್ತದೆ” ಎಂದರು. ನನ್ನ ಕೈ ನಡುಗಿತು. ಯಂತ್ರವನ್ನು ಯಾರೂ ಮುಟ್ಟಕೂಡದೆಂದು ತಡೆದೆನು.

ವೈದ್ಯಶಾಸ್ತ್ರದಲ್ಲಿ ರೋಗದ ಕಾರಣವನ್ನು ಕಂಡುಹಿಡಿಯುವುದಕ್ಕೆ ‘ನಿದಾನ’ವೆಂದು ಹೆಸರು. ಅವಸರವಿಲ್ಲದಿರುವುದಕ್ಕೆ ನಾವು ‘ನಿಧಾನ’ವೆನ್ನುತ್ತೇವೆ. ಎರಡು ಮಾತುಗಳಿಗೂ ಒಂದು ಮಹಾಪ್ರಾಣದ ಅಂತರ ಮಾತ್ರ. ನಿಧಾನವಿಲ್ಲದೆ ನಿದಾನವಿಲ್ಲ. ‘ನಿನ್ನೆ ಸರಿಯಾಗಿದ್ದುದು ಇಂದು ಕೆಟ್ಟಿದೆ, ನಡುವೆ ಬದಲಾದದ್ದು ಯಾವುದು?’ ಎಂಬುದೇ ಇಲ್ಲಿ ಕೇಳಬೇಕಾದ ಮೊದಲನೆಯ ಪ್ರಶ್ನೆ.

ಇದು ನಮ್ಮ ಮೂಲೆಯ ಶಾಲೆಗೆ ಮಾತ್ರ ಬಂದ ವಿಪತ್ತಲ್ಲ. 2024ರ ಜುಲೈ 19ರಂದು ಲೋಕವೇ ಇಂಥದೊಂದನ್ನು ಕಂಡಿತು. ಅಮೆರಿಕದ ಕ್ರೌಡ್‌ಸ್ಟ್ರೈಕ್ ಸಂಸ್ಥೆಯ ‘ಫಾಲ್ಕನ್’ ಎಂಬ ಕಾವಲು ತಂತ್ರಾಂಶಕ್ಕೆ ಅಂದು ಭಾರತೀಯ ಕಾಲಮಾನ ಬೆಳಿಗ್ಗೆ 9 ಗಂಟೆ 39 ನಿಮಿಷಕ್ಕೆ ಒಂದು ಸಣ್ಣ ಪರಿಷ್ಕಾರದ ಕಡತ ರವಾನೆಯಾಯಿತು. ಆ ತಂತ್ರಾಂಶವು 21 ಅಂಶಗಳನ್ನು ಓದಲು ಹೊರಟಿತು. ಅದಕ್ಕೆ ಒದಗಿಸಿದ್ದುದು 20 ಮಾತ್ರ. ಇಲ್ಲದ ಇಪ್ಪತ್ತೊಂದನೆಯದಕ್ಕಾಗಿ ತನ್ನದಲ್ಲದ ಸ್ಮೃತಿಸ್ಥಾನಕ್ಕೆ ಕೈಚಾಚಿದಾಗ ವಿಂಡೋಸ್ ಕಾರ್ಯವ್ಯವಸ್ಥೆಯು ಸ್ತಬ್ಧವಾಯಿತು. ದೋಷದ ಕಡತವನ್ನು 10 ಗಂಟೆ 57 ನಿಮಿಷಕ್ಕೆ ಹಿಂತೆಗೆದುಕೊಂಡರೂ, ಅಷ್ಟರಲ್ಲಿಯೇ ಸುಮಾರು 85 ಲಕ್ಷ ಯಂತ್ರಗಳು ಕೆಟ್ಟಿದ್ದುವೆಂದು ಮೈಕ್ರೋಸಾಫ್ಟ್ ಸಂಸ್ಥೆಯು ಅಂದಾಜು ಮಾಡಿತು. ಇದು ಲೋಕದ ವಿಂಡೋಸ್ ಯಂತ್ರಗಳಲ್ಲಿ ನೂರಕ್ಕೆ ಒಂದರಷ್ಟೂ ಅಲ್ಲ. ಆದರೂ ಆಸ್ಪತ್ರೆ, ಬ್ಯಾಂಕು, ವಿಮಾನ ಸಂಚಾರಗಳು ತತ್ತರಿಸಿದುವು. ಅಂದು ಬೆಂಗಳೂರೂ ಸೇರಿದಂತೆ ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರ ಸಾಲುಗಳು ಬೆಳೆದುವು. ಕೆಲವೆಡೆ ವಿಮಾನವೇರುವ ಚೀಟಿಗಳನ್ನು ಕೈಯಿಂದಲೇ ಬರೆದುಕೊಟ್ಟರು.

ಪರಿಹಾರವೇನೋ ಸರಳವಾಗಿತ್ತು: ಯಂತ್ರವನ್ನು ‘ಸೇಫ್ ಮೋಡ್’ ಎಂಬ ಸುರಕ್ಷಿತ ಸ್ಥಿತಿಯಲ್ಲಿ ಎಬ್ಬಿಸಿ ಆ ಒಂದು ಕಡತವನ್ನು ಅಳಿಸುವುದು. ಆದರೆ ಏಳಲಾರದ ಯಂತ್ರಕ್ಕೆ ಜಾಲದ ಮೂಲಕ ಔಷಧವನ್ನು ಕಳುಹಿಸುವಂತಿಲ್ಲವಷ್ಟೆ. ಬಹುಮಟ್ಟಿಗೆ ಒಂದೊಂದು ಯಂತ್ರದ ಮುಂದೆಯೂ ಮನುಷ್ಯನೊಬ್ಬನು ಕುಳಿತು ಕೈಯಿಂದ ಮಾಡಬೇಕಾದುದರಿಂದ ದಿನಗಳೇ ಹಿಡಿದುವು.

ಕಾಯುವ ತಂತ್ರಾಂಶವು ಕೊಲ್ಲುವಂಥದು ಹೇಗಾಯಿತು? ಗಣಕಯಂತ್ರವು ಮೆಟ್ಟಿಲು ಮೆಟ್ಟಿಲಾಗಿ ಏಳುತ್ತದೆ. ಮೊದಲು ಮಂಡಳಿಯಲ್ಲಿ ನೆಲೆಸಿರುವ ಮೂಲ ತಂತ್ರಾಂಶವು ಅಂಗಾಂಗಗಳನ್ನು ಪರೀಕ್ಷಿಸುತ್ತದೆ. ಎರಡನೆಯದಾಗಿ, ಡಿಸ್ಕಿನಲ್ಲಿರುವ ಆರಂಭಕ ತಂತ್ರಾಂಶವನ್ನು ಕರೆಯುತ್ತದೆ. ಅದು ಕಾರ್ಯವ್ಯವಸ್ಥೆಯ ತಿರುಳಾದ ‘ಕರ್ನಲ್’ ಎಂಬುದನ್ನೂ, ಆರಂಭಕ್ಕೇ ಬೇಕಾದ ‘ಡ್ರೈವರ್’ಗಳನ್ನೂ ತುಂಬಿಕೊಳ್ಳುತ್ತದೆ. ಕೊನೆಗೆ ಇತರ ಸೇವೆಗಳು ಮೊದಲಾಗಿ ಪ್ರವೇಶದ ಪರದೆ ಕಾಣುತ್ತದೆ. ಸಾಮಾನ್ಯ ತಂತ್ರಾಂಶವು ಕೆಟ್ಟರೆ ಅದೊಂದೇ ಮುಚ್ಚಿಕೊಳ್ಳುತ್ತದೆ. ಕಾವಲು ತಂತ್ರಾಂಶವಾದರೋ ಕಳ್ಳನಿಗಿಂತ ಮುಂಚೆಯೇ ಎದ್ದಿರಬೇಕೆಂದು ತನ್ನ ಡ್ರೈವರನ್ನು ಕರ್ನಲಿನ ಗರ್ಭಗೃಹದಲ್ಲಿಯೇ ಇಡುತ್ತದೆ. ಅಲ್ಲಿ ತಪ್ಪು ನಡೆದರೆ, ಉಳಿದುದೆಲ್ಲ ಕೆಡದಿರಲೆಂದು ಕಾರ್ಯವ್ಯವಸ್ಥೆಯು ಇಡೀ ಯಂತ್ರವನ್ನೇ ನಿಲ್ಲಿಸುತ್ತದೆ. ಆ ನಿಲುಗಡೆಯ ಘೋಷಣೆಯೇ ನೀಲಿಯ ಪರದೆ. ತೋಟದ ಉಣಗೋಲನ್ನು ದನ ನುಗ್ಗದಂತೆ ಬಿಗಿದು, ಯಜಮಾನನಿಗೇ ದಾರಿಯಿಲ್ಲದಂತೆ ಮಾಡಿದ ಹಾಗೆ.

ಆದುದರಿಂದ ಯಂತ್ರವು ಯಾವ ಮೆಟ್ಟಿಲಲ್ಲಿ ನಿಂತಿತೆಂಬುದನ್ನು ಗಮನಿಸತಕ್ಕದ್ದು. ದೀಪವೇ ಹೊತ್ತದಿದ್ದರೆ, ತಯಾರಕರ ಮುದ್ರೆಯೇ ಕಾಣದಿದ್ದರೆ, ದೋಷವು ವಿದ್ಯುತ್ತಿನದು ಅಥವಾ ಅಂಗಾಂಗದ್ದು, ಫೈರ್‌ವಾಲನ್ನು ಶಂಕಿಸಲಾಗದು. ಯಂತ್ರವು ಪೂರ್ಣವಾಗಿ ಎದ್ದು ಜಾಲವೊಂದೇ ದೊರಕದಿದ್ದರೆ, ಫೈರ್‌ವಾಲಿನ ನಿಯಮಗಳನ್ನು ತಿದ್ದಿದರೆ ಸಾಕು. ಮುದ್ರೆಯ ಅನಂತರ, ಪ್ರವೇಶದ ಪರದೆಗೆ ಮೊದಲೇ, ಅದೂ ಹೊಸ ಸ್ಥಾಪನೆಯ ಮರುದಿನವೇ ನೀಲಿಯ ಪರದೆ ಬಂದರೆ, ಸಂಶಯವು ಆ ಹೊಸ ಡ್ರೈವರಿನ ಮೇಲೆಯೇ ನಿಲ್ಲುತ್ತದೆ. ಪರದೆಯಲ್ಲಿ ಬರುವ ಸಂಕೇತಪದವನ್ನೂ, ಕಡತದ ಹೆಸರು ತೋರಿದರೆ ಅದನ್ನೂ ಬರೆದಿಟ್ಟುಕೊಳ್ಳಬೇಕು. ನಮ್ಮ ಯಂತ್ರದ ಲಕ್ಷಣಗಳು ಈ ಮೂರನೆಯ ಬಗೆಯವು.

ಮುಂದಿನ ಕ್ರಮವಿದು. ವಿಂಡೋಸ್ 10 ಮತ್ತು 11ರಲ್ಲಿ ಆರಂಭವು ಎರಡು ಮೂರು ಸಲ ವಿಫಲವಾದರೆ ದುರಸ್ತಿಯ ಪರದೆ ಸಾಮಾನ್ಯವಾಗಿ ತಾನಾಗಿಯೇ ತೋರುತ್ತದೆ. ಅದರಲ್ಲಿ ‘ಟ್ರಬಲ್‌ಶೂಟ್’, ಅದರೊಳಗೆ ‘ಅಡ್ವಾನ್ಸ್‌ಡ್ ಆಪ್ಷನ್ಸ್’, ಅದರೊಳಗೆ ‘ಸ್ಟಾರ್ಟಪ್ ಸೆಟ್ಟಿಂಗ್ಸ್’ ಎಂಬುದನ್ನು ಆರಿಸಿ ಮರುಪ್ರಾರಂಭ ಮಾಡಿ, ಪಟ್ಟಿ ಬಂದಾಗ 4ನೆಯ ಕೀಲಿಯನ್ನೊತ್ತಿದರೆ ಸೇಫ್ ಮೋಡ್ ಬರುತ್ತದೆ. ಅಲ್ಲಿ ಅತ್ಯವಶ್ಯವಾದ ಡ್ರೈವರುಗಳಷ್ಟೇ ಏಳುತ್ತವೆ. ಹೊರಗಿನಿಂದ ಬಂದ ಕಾವಲುಗಾರನು ಸಾಧಾರಣವಾಗಿ ಮಲಗಿಯೇ ಇರುತ್ತಾನೆ. ಸೇಫ್ ಮೋಡಿನಲ್ಲಿ ಯಂತ್ರವು ಎದ್ದಿತೆಂದರೆ ನಮ್ಮ ನಿದಾನಕ್ಕೆ ಬಲವಾದ ಸಾಕ್ಷ್ಯ ದೊರಕಿದಂತಾಯಿತು. ಒಡನೆಯೇ ಮೊದಲು ಮಾಡತಕ್ಕದ್ದು ದುರಸ್ತಿಯಲ್ಲ, ಮುಖ್ಯ ಬರಹಗಳ ಪ್ರತಿಯನ್ನು ಪೆನ್‌ಡ್ರೈವಿಗೆ ತೆಗೆದುಕೊಳ್ಳುವುದು. ಆಮೇಲೆ ಹೊಸ ತಂತ್ರಾಂಶವನ್ನು ತೆಗೆದುಹಾಕಬೇಕು. ಕೆಲವು ತಂತ್ರಾಂಶಗಳು ಸೇಫ್ ಮೋಡಿನಲ್ಲಿ ಹೋಗಲೊಪ್ಪುವುದಿಲ್ಲ. ಸ್ಥಾಪನೆ ಮತ್ತು ನಿರ್ಮೂಲನೆಗಳನ್ನು ನಡೆಸುವ ವಿಂಡೋಸಿನ ಸೇವೆಯು ಆಗ ನಡೆಯದಿರುವುದೇ ಅದಕ್ಕೆ ಕಾರಣ. ಅಂಥವಕ್ಕೆ ತಯಾರಕರೇ ಒದಗಿಸುವ ನಿರ್ಮೂಲನ ತಂತ್ರಾಂಶವನ್ನು ಬೇರೆ ಯಂತ್ರದಿಂದ ತರಬೇಕು. ಅದೂ ಆಗದಿದ್ದರೆ ದುರಸ್ತಿಯ ಪರದೆಯಲ್ಲಿ ‘ಸಿಸ್ಟಮ್ ರಿಸ್ಟೋರ್’ ಎಂಬುದಿದೆ. ಹಿಂದಿನ ದಿನದ ಪುನಃಸ್ಥಾಪನಾ ಬಿಂದು ಉಳಿದಿದ್ದರೆ ಯಂತ್ರವನ್ನು ಆ ಸ್ಥಿತಿಗೆ ಒಯ್ಯಬಹುದು. ಆಮೇಲೆ ಸ್ಥಾಪಿಸಿದ ತಂತ್ರಾಂಶಗಳು ಹೋಗುತ್ತವೆ, ನಮ್ಮ ಬರಹಗಳು ಹೋಗುವುದಿಲ್ಲ. ಫಾರ್ಮ್ಯಾಟ್ ಎಂಬುದು ಇವೆಲ್ಲವೂ ಸೋತ ಮೇಲಿನ ಮಾತು.

ನಮಗೆ ನಡುವೆ ಒಂದು ವಿಘ್ನವು ಒದಗಿತು. ಡಿಸ್ಕು ‘ಬಿಟ್‌ಲಾಕರ್’ ಎಂಬ ಬೀಗದಿಂದ ಗೂಢಲಿಪಿಯಾಗಿದ್ದುದರಿಂದ ದುರಸ್ತಿಯ ಪರದೆಯು 48 ಅಂಕಿಗಳ ಕೀಲಿಯನ್ನು ಕೇಳಿತು. ಯಂತ್ರವನ್ನು ಮೊದಲು ಸಿದ್ಧಗೊಳಿಸಿದವರು ನಿವೃತ್ತರಾಗಿದ್ದ ಗುಮಾಸ್ತರು. ಕೀಲಿಯು ಅವರ ಖಾತೆಯಲ್ಲಿತ್ತು. ಅವರ ಮನೆಯಲ್ಲಿ ದೂರವಾಣಿಯ ಸಂಕೇತ ಸಿಗದು. ಹುಡುಗನೊಬ್ಬನು ಕೊಡೆ ಹಿಡಿದು ಓಡಿದನು. ಸಂಜೆ ಅವರು ಗುಡ್ಡದ ನೆತ್ತಿಗೆ ಬಂದು ಕರೆಮಾಡಿ, “ಪಂಡಿತರೇ, ಬರೆದುಕೊಳ್ಳಿ” ಎಂದು ಆರಾರು ಅಂಕಿಗಳಂತೆ ಎಂಟು ಗುಂಪುಗಳನ್ನು ಮಳೆಯ ಸದ್ದಿನ ನಡುವೆ ಓದಿದರು. ಓಲೆಗರಿಯ ಪಾಠವನ್ನು ಪ್ರತಿಮಾಡುವಾಗಲೂ ನಾನು ಅಷ್ಟು ಎಚ್ಚರದಿಂದ ಬರೆದವನಲ್ಲ. ಬೀಗ ತೆರೆಯಿತು, ಸೇಫ್ ಮೋಡಿನಲ್ಲಿ ಯಂತ್ರವೆದ್ದಿತು, ಬರಹಗಳ ಪ್ರತಿಯಾಯಿತು. ಆಮೇಲೆ ನೋಡಿದರೆ, ಅದೇ ಕೆಲಸದ ಹಳೆಯ ರಕ್ಷಣಾ ತಂತ್ರಾಂಶವೊಂದು ಮೊದಲೇ ಅಲ್ಲಿತ್ತು. ಒಂದೇ ಬಾಗಿಲಿಗೆ ಇಬ್ಬರು ಕಾವಲುಗಾರರು! ಹೊಸತನ್ನು ತೆಗೆದು ಮರುಪ್ರಾರಂಭ ಮಾಡಿದಾಗ ಯಂತ್ರವು ಏನೂ ಆಗದಂತೆ ಎದ್ದಿತು. ಪ್ರಮಾಣಪತ್ರವು ಆ ರಾತ್ರಿಯೇ ಸಿದ್ಧವಾಯಿತು.

ಈ ಪ್ರಸಂಗದಿಂದ ಗ್ರಹಿಸಬೇಕಾದುವು ನಾಲ್ಕು. ವಿಂಡೋಸಿನಲ್ಲಿಯೇ ಫೈರ್‌ವಾಲ್ ಅಡಗಿದೆ. 2004ರಲ್ಲಿ ಬಂದ ಎಕ್ಸ್‌ಪಿಯ ಎರಡನೆಯ ಪರಿಷ್ಕಾರದಿಂದಲೂ ಅದು ತಾನಾಗಿ ಜಾಗೃತವಾಗಿರುತ್ತದೆ. ಆದುದರಿಂದ ಮತ್ತೊಂದು ನಿಜವಾಗಿಯೂ ಬೇಕೇ ಎಂದು ಮೊದಲು ವಿಚಾರಿಸತಕ್ಕದ್ದು. ಎರಡನೆಯದಾಗಿ, ಯಾವುದನ್ನೇ ಸ್ಥಾಪಿಸುವ ಮುನ್ನ ಪುನಃಸ್ಥಾಪನಾ ಬಿಂದುವನ್ನು ನಿರ್ಮಿಸಿ, ಸ್ಥಾಪಿಸಿದ ದಿನಾಂಕವನ್ನು ಪುಸ್ತಕದಲ್ಲಿ ಬರೆದಿಡತಕ್ಕದ್ದು. ಮೂರನೆಯದಾಗಿ, ಬೀಗದ 48 ಅಂಕಿಗಳನ್ನು ಕಾಗದದಲ್ಲಿ ಬರೆದು ಸಂಸ್ಥೆಯ ಕಬ್ಬಿಣದ ಪೆಟ್ಟಿಗೆಯಲ್ಲಿಡತಕ್ಕದ್ದು. ಒಬ್ಬ ವ್ಯಕ್ತಿಯ ಖಾತೆಯನ್ನೇ ನಂಬಿರಲಾಗದು. ನಾಲ್ಕನೆಯದಾಗಿ, ಬರಹಗಳ ಪ್ರತಿಯು ಆ ಯಂತ್ರದ ಹೊರಗೆ, ಸಾಧ್ಯವಾದರೆ ಬೇರೆ ಊರಿನಲ್ಲಿಯೇ, ಇರತಕ್ಕದ್ದು. ಹಿಂದಿನವರು ಒಂದು ಗ್ರಂಥವನ್ನು ಹಲವು ಊರುಗಳಲ್ಲಿ ಪ್ರತಿಮಾಡಿಸಿದುದರಿಂದಲ್ಲವೆ ಅದು ಗೆದ್ದಲನ್ನೂ ಬೆಂಕಿಯನ್ನೂ ದಾಟಿ ನಮ್ಮ ಕೈ ಸೇರಿದುದು?

ದಾನಿಗಳಲ್ಲಿ ನನ್ನ ಬಿನ್ನಹವೊಂದಿದೆ. ಶಾಲೆಗೆ ಯಂತ್ರವನ್ನು ಕೊಡುವಾಗ ಪ್ರತಿಯನ್ನಿಡಲು ಒಂದು ಹೊರಗಿನ ಡಿಸ್ಕನ್ನೂ ಕೊಡಿರಿ. ಅದರ ಬೆಲೆ ಯಂತ್ರದ ಬೆಲೆಗಿಂತ ಎಷ್ಟೋ ಕಡಿಮೆ. ನನ್ನ ಶಬ್ದಕೋಶವು ಈಗ ಮೂರು ಕಡೆಗಳಲ್ಲಿದೆ. ಅದರಲ್ಲಿ ಮಾತಾಡುವ ಹಿರಿಯರ ದನಿಯು ನನ್ನ ಅಲಕ್ಷ್ಯದಿಂದ ಅಡಗಿಹೋಗಲಿಲ್ಲವೆಂಬ ಸಮಾಧಾನದಿಂದ ಈ ಬರಹವನ್ನು ಮುಗಿಸುತ್ತೇನೆ.