ಹಸಿರು ಗೆರೆಯ ಮುಖ

ಭಾವಚಿತ್ರವೆಂದರೆ ಮುಖವನ್ನು ಇದ್ದಂತೆಯೇ ಇಳಿಸುವುದೆಂಬ ಎಣಿಕೆ ನಮ್ಮಲ್ಲಿ ಬೇರೂರಿದೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ರವಿವರ್ಮನ ಚಿತ್ರಗಳನ್ನು ನೋಡಿರಿ: ಬೆಳಕಿನ ಕೆನ್ನೆ ಗೋಧಿಬಣ್ಣ, ನೆರಳಿನ ಕೆನ್ನೆ ಕಂದು. ಅಲ್ಲಿ ಬಣ್ಣವು ಆಕಾರದ ಸೇವಕ.

ಈ ಕಟ್ಟನ್ನು ಮುರಿದವರಲ್ಲಿ ಫ್ರಾನ್ಸಿನ ಆಂರಿ ಮಾತೀಸ್ (1869–1954) ಪ್ರಮುಖನು. 1905ರಲ್ಲಿ ಪ್ಯಾರಿಸಿನ ಶರತ್ಕಾಲದ ಪ್ರದರ್ಶನದಲ್ಲಿ ಅವನ 'ಟೋಪಿ ಧರಿಸಿದ ಮಹಿಳೆ' ಹಾಸ್ಯಕ್ಕೀಡಾಯಿತು. ವಿಮರ್ಶಕ ಲೂಯಿ ವೋಸೆಲ್ ಈ ಪಂಥದವರಿಗೆ 'ಕಾಡುಮೃಗಗಳು' ಎಂಬ ಹೆಸರನ್ನೇ ಅಂಟಿಸಿದನು. ಅದೇ ವರ್ಷ ಮಾತೀಸ್ ಪತ್ನಿ ಅಮೇಲಿಯ ಮುಖವನ್ನು ಮತ್ತೊಮ್ಮೆ ಬರೆದನು. 'ಹಸಿರು ಗೆರೆ' ಎಂದು ಪ್ರಸಿದ್ಧವಾದ, ಸುಮಾರು 40 ಸೆಂಟಿಮೀಟರ್ ಎತ್ತರದ ಈ ಚಿತ್ರ ಕೋಪನ್‌ಹೇಗನ್ನಿನ ರಾಷ್ಟ್ರೀಯ ಕಲಾಸಂಗ್ರಹಾಲಯದಲ್ಲಿದೆ.

ಹಣೆಯಿಂದ ಮೂಗಿನ ಮೇಲೆ ಹಾದು ಇಳಿಯುವ ದಪ್ಪ ಹಸಿರು ಪಟ್ಟೆಯೊಂದು ಮುಖವನ್ನು ಇಬ್ಭಾಗಿಸುತ್ತದೆ. ಒಂದು ಕಡೆ ಹಳದಿ, ಇನ್ನೊಂದು ಕಡೆ ನಸುಗೆಂಪು. ಯಾರ ಮೂಗು ಹಸಿರಾಗಿರುತ್ತದೆ? ಎಂದು ಕೇಳಬಹುದು. ಆದರೆ ಆ ಪಟ್ಟೆಗೆ ಮೂರು ಕೆಲಸಗಳಿವೆ. ಬೆಳಕು ನೆರಳುಗಳ ಗಡಿಯನ್ನು ಅದು ಗುರುತಿಸುತ್ತದೆ. ಹಸಿರೂ ಕೆಂಪೂ ಪರಸ್ಪರ ವಿರುದ್ಧ ವರ್ಣಗಳಾದ್ದರಿಂದ, ಪಕ್ಕದ ಕೆಂಪಿಗೆ ಜೀವ ತುಂಬುತ್ತದೆ. ಹಿನ್ನೆಲೆಯ ಹಸಿರಿನೊಡನೆ ಮುಖವನ್ನು ಬೆಸೆಯುತ್ತದೆ. ಅದನ್ನಳಿಸಿ ಕಂದು ಹಚ್ಚಿದರೆ ಹೋಲಿಕೆ ಉಳಿದೀತು. ಆ ಮುಖದ ಗಾಂಭೀರ್ಯ ಉಳಿಯದು.

ಚಿತ್ರದ ಅಚ್ಚುಪ್ರತಿಯನ್ನು ಮೊಳಕಾಲ್ಮೂರಿನಲ್ಲಿ ಮಗ್ಗ ನೇಯುವ ನಮ್ಮ ತಂದೆಯವರಿಗೆ ತೋರಿಸಿದೆನು. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ತುಸು ಹೊತ್ತು ನೋಡಿ, "ಮುಖಕ್ಕೆ ಅಂಚು ಹಾಕ್ಯಾನೆ. ಹಸುರು ಇಲ್ದಿದ್ರೆ ಕೆಂಪು ಏಳ್ತಿರ್ಲಿಲ್ಲ" ಎಂದರು.

ಈ ಮಾತು ಆಕಸ್ಮಿಕವಲ್ಲ. ಕೆಂಪು ಒಡಲಿಗೆ ಹಸಿರಂಚು ಕೊಡುವ ರೇಷ್ಮೆ ನೇಕಾರ ಅನುಸರಿಸುವುದೂ ಇದೇ ನಿಯಮವನ್ನು. ಹಾಸಿಗೊಂದು, ಹೊಕ್ಕಿಗೊಂದು ಬಣ್ಣವಿಟ್ಟು, ಎರಡೂ ಅಲ್ಲದ ಮೂರನೆಯ ಹೊಳಪನ್ನು ಅವನು ಹುಟ್ಟಿಸಬಲ್ಲನು. ಮಾತೀಸನಾದರೂ ಬೆಳೆದದ್ದು ರೇಷ್ಮೆ ನೇಯ್ಗೆಗೆ ಹೆಸರಾದ ಬೋಯೆಂ ಎಂಬ ಊರಿನಲ್ಲಿ. ಅವನ ಪೂರ್ವಿಕರಲ್ಲಿ ನೇಕಾರರಿದ್ದರು. ತಂದೆ ಕಾಳು-ಬೀಜಗಳ ವ್ಯಾಪಾರಿ. ಚಳ್ಳಕೆರೆಯ ಶೇಂಗಾ ಮಂಡಿಯವರಿಗೂ ಅವನು ನೆಂಟನೇ ಸರಿ! ಬಟ್ಟೆಯ ತುಂಡುಗಳನ್ನು ಕೂಡಿಡುವ ಹವ್ಯಾಸ ಮಾತೀಸನಿಗೆ ಕೊನೆಯವರೆಗೂ ಇತ್ತು.

ನವ್ಯಕಲೆ ಪರದೇಶದ ಒಗಟೆಂದು ನಾವು ದೂರ ನಿಲ್ಲಬೇಕಾಗಿಲ್ಲ. ಮನೆಯಿಂದ ಮೊದಲಿಗರಾಗಿ ಕಾಲೇಜಿಗೆ ಬಂದ ನನ್ನಂಥವರು ಪುಸ್ತಕದ ವಿದ್ಯೆಯೊಂದೇ ವಿದ್ಯೆಯೆಂದೂ ತಿಳಿಯಬಾರದು. ಬಣ್ಣವನ್ನು ಓದಬಲ್ಲವರು ನಮ್ಮ ಮಗ್ಗದ ಗುಂಡಿಗಳಲ್ಲಿ ಕುಳಿತಿದ್ದಾರೆ. ಅವರನ್ನು ಕೇಳುವ ವಿನಯ ನಮ್ಮ ಪದವಿಗಿರಲಿ.